ಅಮಾತೆಪ್ಪನವರ ಬಂದೂಕಿನ ತೂಕ

ಇಳಕಲ್ಲಿನಲ್ಲಿ ಮಗ್ಗದ ಬಡಿಗ ಯಾರು ಎಂದು ಕೇಳಿದರೆ ಯಾರಾದರೂ ನನ್ನ ಅಂಗಡಿ ತೋರಿಸುತ್ತಾರೆ. ಮುದಕಪ್ಪ ಬಡಿಗೇರನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದೂ ಜೊತೆಗೆ ಹೇಳುತ್ತಾರೆ. ಹೇಳಲಿ ಬಿಡಿ, ಸುಳ್ಳೇನಲ್ಲ. ನನ್ನ ಹತ್ತಿರ ಲಾಳಿ ಮಾಡಿಸಿಕೊಂಡು ಹೋದವನು ನಾಲ್ಕು ದಿನ ಬಿಟ್ಟು ಬಂದು "ಒಂದ ಕಡೆ ವಾಲತೈತ್ರಿ" ಎಂದರೆ, ಅದೇ ಲಾಳಿಯನ್ನು ಅವನ ಎದುರಿಗೇ ಬೆರಳಿನ ಮೇಲೆ ನಿಲ್ಲಿಸಿ ತೋರಿಸಿ, ಬೈದು ಕಳಿಸುತ್ತೇನೆ. ನೂಲು ಹೊತ್ತುಕೊಂಡು ಸೀರೆಯ ಈ ದಡಿಯಿಂದ ಆ ದಡಿಗೆ ಓಡುವ ಮರದ ತುಂಡು ಅದು. ತೂಕ ಎರಡೂ ಕಡೆ ಸಮ ಇರದಿದ್ದರೆ ಎಳೆ ಹರಿಯುತ್ತದೆ. ಮೂವತ್ತೆರಡು ವರ್ಷ ಆ ಸಮತೂಕವನ್ನೇ ಮಾಡಿಕೊಂಡು ಬಂದವನು ನಾನು. ಅಂಥ ನನ್ನನ್ನು ಹೋದ ವರ್ಷ ಒಂದು ಬಂದೂಕು ಐದು ತಿಂಗಳು ಕಾಡಿಸಿತು.

ಬಂದೂಕು ಹವಾಲ್ದಾರ ಅಮಾತೆಪ್ಪನವರದು. ಹುನಗುಂದದವರು, ಅರವತ್ತೆಂಟು ವರ್ಷ, ಊರವರಿಗೆಲ್ಲ ಮಿಲ್ಟ್ರಿ ಕಾಕಾ. ಸೈನ್ಯದಲ್ಲಿದ್ದಾಗ ಕೆಲವು ವರ್ಷ ಅವರನ್ನು ಮಧ್ಯಪ್ರದೇಶದ ಒಂದು ಶೂಟಿಂಗ್ ಮೈದಾನಕ್ಕೆ ಹಾಕಿದ್ದರಂತೆ. ಅಲ್ಲಿ ಅಧಿಕಾರಿಗಳು ಮಣ್ಣಿನ ಬಿಲ್ಲೆ ಹೊಡೆಯುವ ಆಟ ಆಡುತ್ತಿದ್ದರು. ಅಂಗೈಯಗಲದ ಬಿಲ್ಲೆಯನ್ನು ಒಂದು ಯಂತ್ರ ಆಕಾಶಕ್ಕೆ ಎಸೆಯುತ್ತದೆ, ಅದು ಕೆಳಗೆ ಬೀಳುವುದರೊಳಗೆ ಗುಂಡು ಹಾಕಿ ಪುಡಿ ಮಾಡಬೇಕು. ಇಪ್ಪತ್ತೈದು ಬಿಲ್ಲೆಗೆ ಒಂದು ಆಟ. ಇವರ ಕೆಲಸ ಯಂತ್ರ ಎಳೆಯುವುದು. ಎಳೆಯುತ್ತ ಎಳೆಯುತ್ತ ಆಟ ಕಲಿತರು, ಹುಚ್ಚು ಹಿಡಿಸಿಕೊಂಡರು. ನಿವೃತ್ತಿಯಾಗಿ ಬರುವಾಗ ಹಳೆಯದೊಂದು ಜೋಡಿನಳಿಗೆಯ ಬಂದೂಕು ಕೊಂಡು, ಲೈಸೆನ್ಸು ಮಾಡಿಸಿ, ಗುಜರಿಗೆ ಬಿದ್ದಿದ್ದ ಅಂಥದೇ ಒಂದು ಯಂತ್ರವನ್ನೂ ಹೊತ್ತು ತಂದರು.

ಊರಿಗೆ ಬಂದ ಮೇಲೆ ಇಳಕಲ್ಲು ದಾರಿಯ ಗ್ರಾನೈಟ್ ಖಣಿಯೊಂದರಲ್ಲಿ ಕಾವಲಿಗೆ ಸೇರಿದರು. ಆ ಖಣಿ ನಿಂತು ಏಳು ವರ್ಷವಾಯಿತು. ಸುತ್ತ ಮೂರು ಕಡೆ ಕೆಂಪು ಕಲ್ಲಿನ ಗೋಡೆ, ನಡುವೆ ನೀರು, ಒಂದು ನರಪಿಳ್ಳೆ ಇಲ್ಲ. ಮಾಲೀಕರ ಒಪ್ಪಿಗೆ ತೆಗೆದುಕೊಂಡು, ಪೊಲೀಸರಿಂದ ಕಾಗದ ಬರೆಸಿಕೊಂಡು, ಪ್ರತಿ ರವಿವಾರ ಬೆಳಿಗ್ಗೆ ಅಲ್ಲಿ ಒಂದು ಆಟ ಆಡುತ್ತಿದ್ದರು. ಇಡೀ ಜಿಲ್ಲೆಯಲ್ಲಿ ಈ ಆಟ ಆಡುವವರು ಅವರೊಬ್ಬರೇ ಇರಬೇಕು.

ಆದರೆ ಈ ಆಟವನ್ನು ಒಬ್ಬರೇ ಆಡಲು ಬರುವುದಿಲ್ಲ. ಒಬ್ಬರು ಬಂದೂಕು ಹಿಡಿದು ನಿಂತರೆ ಇನ್ನೊಬ್ಬರು ಕೆಳಗೆ ತಗ್ಗಿನಲ್ಲಿ, ಕಲ್ಲಿನ ಮರೆಗೆ ಕೂತು, ಯಂತ್ರದ ತೋಳನ್ನು ಹಿಂದಕ್ಕೆ ಜಗ್ಗಿ ಸಿಕ್ಕಿಸಿ, ಬಿಲ್ಲೆ ಇಟ್ಟು, ಹಗ್ಗ ಎಳೆಯಬೇಕು. ಆ ಇನ್ನೊಬ್ಬರು ಕಾಕಾನ ಹೆಂಡತಿ ಗುರುಲಿಂಗವ್ವ. ಆ ಯಂತ್ರಕ್ಕೆ ಕವಣಿ ಎಂದು ಹೆಸರಿಟ್ಟವಳೂ ಅವಳೇ. ಜೋಳದ ಹೊಲದಲ್ಲಿ ಹಕ್ಕಿ ಕಾಯುವಾಗ ಬೀಸುತ್ತಾರಲ್ಲ, ಆ ಕವಣಿ.

ಅವಳನ್ನು ನಾನು ಒಂದೇ ಸಲ ನೋಡಿದ್ದು. ತರಿಸುವ ಬಿಲ್ಲೆ ದುಬಾರಿ ಎಂದು ಮನೆಯಲ್ಲೇ ಮಾಡಲು ಮರದ ಅಚ್ಚು ಬೇಕೆಂದು ನನ್ನ ಅಂಗಡಿಗೆ ಬಂದಿದ್ದಳು.

"ಅಣ್ಣಾರ, ಕಲ್ಲು ಪಾಲಿಶ್ ಮಾಡಿದ ಪುಡಿ ಐತಲ್ರಿ, ಅದಕ್ಕ ಡಾಂಬರು ಕಲಸಿ ಒತ್ತಿದ್ರ ಗಟ್ಟಿ ನಿಲ್ತೈತಿ. ಅಚ್ಚು ಒಂದ ಸರಿ ಮಾಡಿಕೊಡ್ರಿ," ಎಂದಳು.

"ಎದಕ್ರೀ ಇಷ್ಟ ತ್ರಾಸು? ಒಡ್ಯಾಕ ಮಾಡೋದಲ್ಲ?" ಎಂದು ನಾನು ಕೆಣಕಿದೆ.

"ರೊಟ್ಟಿ ತಿನ್ನಾಕ ಮಾಡಂಗಿಲ್ಲೇನ್ರಿ?" ಎಂದು ನಕ್ಕು, ಅಚ್ಚು ತೆಗೆದುಕೊಂಡು ಹೋದಳು.

ಅವರಿಗೆ ಮಕ್ಕಳಿರಲಿಲ್ಲ. ವಾರದ ಆರು ದಿನ ಅವಳು ಬಿಲ್ಲೆ ಒತ್ತುವುದು, ಏಳನೆಯ ದಿನ ಇವರು ಒಡೆಯುವುದು, ಇದೇ ಅವರ ಸಂಸಾರ. ಇಪ್ಪತ್ತೈದಕ್ಕೆ ಹತ್ತೊಂಬತ್ತು ಹೊಡೆಯುತ್ತೇನೆ ಎಂದು ಕಾಕಾ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದರು. ಎರಡು ಸಾವಿರದ ಇಪ್ಪತ್ತಮೂರರ ದೀಪಾವಳಿ ಕಳೆದು ನಾಲ್ಕನೆಯ ದಿನ ಗುರುಲಿಂಗವ್ವ ಹಿಟ್ಟು ನಾದುತ್ತಿದ್ದವಳು ಎದೆ ಹಿಡಿದುಕೊಂಡು ಕೂತಳು. ಬಾಗಲಕೋಟೆಯ ದವಾಖಾನೆ ಮುಟ್ಟುವುದರೊಳಗೆ ಜೀವ ಹೋಗಿತ್ತು. ಹೃದಯ ಎರಡು ಮೂರು ವರ್ಷದಿಂದ ಸೋತಿತ್ತು ಎಂದು ಡಾಕ್ಟರು ಹೇಳಿದರೆ ಕಾಕಾ ಒಪ್ಪಲಿಲ್ಲ, ಅವರ ಜೊತೆ ಜಗಳಕ್ಕೇ ನಿಂತರಂತೆ.

ಆ ಮೇಲೆ ಚುನಾವಣೆ ಬಂತು. ಚುನಾವಣೆ ಎಂದರೆ ನಮ್ಮ ಕಡೆ ಬಂದೂಕು ಇದ್ದವರೆಲ್ಲ ಠಾಣೆಗೆ ಒಯ್ದು ಒಪ್ಪಿಸಿ ಬರಬೇಕು. ಕಾಕಾನೂ ಒಪ್ಪಿಸಿದರು. ಹೆಂಡತಿ ಇಲ್ಲದ, ಬಂದೂಕೂ ಇಲ್ಲದ ಆ ಬೇಸಿಗೆಯನ್ನು ಅವರು ಹೇಗೆ ಕಳೆದರೋ ದೇವರಿಗೇ ಗೊತ್ತು. ಜೂನ್‌ನಲ್ಲಿ ಬಂದೂಕು ಮರಳಿ ಬಂತು. ಪಕ್ಕದ ಖಣಿಯ ಕಾವಲುಗಾರ ಜಾಫರಸಾಬ ಹಗ್ಗ ಎಳೆಯಲು ಒಪ್ಪಿಕೊಂಡ. ನನ್ನ ವಯಸ್ಸಿನವನು, ಒಳ್ಳೆಯ ಮನುಷ್ಯ. ಮೊದಲ ರವಿವಾರ ಕಾಕಾ ಇಪ್ಪತ್ತೈದು ತೋಟಾ ಸುಟ್ಟರು. ಒಡೆದದ್ದು ಎರಡು ಬಿಲ್ಲೆ.

ಮರುದಿನವೇ ನನ್ನ ಅಂಗಡಿ ಮುಂದೆ ಅವರ ಎಕ್ಸೆಲ್ ಗಾಡಿ ನಿಂತಿತು. ಬೆನ್ನಿಗೆ ಬಂದೂಕು, ಜೇಬಿನಲ್ಲಿ ಲೈಸೆನ್ಸು.

"ಮುದಕಪ್ಪ, ಠಾಣೇದಾಗ ಇಟ್ಟು ಇದರ ತೂಕ ಕೆಡಿಸ್ಯಾರ ನೋಡಪಾ. ಮುಂದಕ ಜಗ್ಗತೈತಿ. ಮೊದಲ ಹಿಂಗ ಇದ್ದಿಲ್ಲ."

"ಕಾಕಾರ, ಕಬ್ಬಿಣಕ್ಕ ನಾ ಕೈ ಹಚ್ಚಂಗಿಲ್ಲ. ಅದು ಲೈಸೆನ್ಸ್ ಇದ್ದವರ ಕೆಲಸ. ಕಟಗೀದು ಏನರ ಇದ್ರ ಹೇಳ್ರಿ."

"ಕಟಗೀದ ಐತಿ. ಬಟ್ ನೋಡು."

ಹೆಗಲಿಗೆ ಆನಿಸುವ ಮರದ ಭಾಗಕ್ಕೆ ಅವರು ಬಟ್ ಎನ್ನುತ್ತಿದ್ದರು. ಬಂದೂಕು ಖಾಲಿ ಇದೆ ಎಂದು ಅವರೇ ಎರಡು ಸಲ ಮಡಚಿ ತೋರಿಸಿದರು. ಪಕ್ಕದ ಅಂಗಡಿಯ ತಕ್ಕಡಿಯಲ್ಲಿ ತೂಗಿದೆ, ಮೂರು ಕಿಲೋ ಮುನ್ನೂರ ಎಂಬತ್ತು ಗ್ರಾಂ. ಬಂದೂಕು ಮಡಚುವ ಕೀಲಿನ ಕೆಳಗೆ ದಾರ ಹಾಕಿ ತೊಲೆಗೆ ತೂಗುಬಿಟ್ಟೆ. ಆ ಕೀಲಿನ ಮೇಲೆ ಅದು ಅಡ್ಡಡ್ಡ ಮಟ್ಟಸವಾಗಿ ನಿಲ್ಲಬೇಕು, ಆಗ ಎರಡು ಕೈಗೂ ಭಾರ ಸಮ ಬೀಳುತ್ತದೆ ಎಂದು ಅವರು ಹೇಳಿಕೊಟ್ಟರು. ನಳಿಗೆಯ ಮೂತಿ ಮೆಲ್ಲಗೆ ಕೆಳಗಿಳಿಯಿತು.

ನನಗೆ ಜಂಬ ಬಂತು. "ಬ್ಯಾಸಗಿಯೊಳಗ ಠಾಣೇದ ತಗಡಿನ ಖೋಲ್ಯಾಗ ಕಟಗಿ ಒಣಗೇತ್ರಿ. ಹಿಂದ ಹಗುರಾಗೇತಿ, ಮುಂದ ವಾಲೇತಿ. ಇಷ್ಟ," ಎಂದೆ.

ಬಟ್ಟಿನ ತುದಿಗೆ ರಬ್ಬರಿನ ಮೆತ್ತೆ ಇರುತ್ತದೆ, ಎರಡು ಸ್ಕ್ರೂ ಬಿಚ್ಚಿದರೆ ಒಳಗೆ ಉದ್ದಕ್ಕೆ ತೂತು. ತೊಂಬತ್ತು ಗ್ರಾಂ ಸೀಸವನ್ನು ಅರಿವೆಯಲ್ಲಿ ಸುತ್ತಿ, ಅಲುಗಾಡದಂತೆ ಆ ತೂತಿನಲ್ಲಿ ಒತ್ತಿ ಕೂರಿಸಿದೆ. ಮತ್ತೆ ತೂಗುಬಿಟ್ಟೆ. ಬಂದೂಕು ಮಟ್ಟಸವಾಗಿ ನಿಂತಿತು. ನಾನು ಕೈ ಝಾಡಿಸಿಕೊಂಡೆ. ಕಾಕಾನೂ ಖುಷಿಯಾಗಿ ಮಿರ್ಚಿ ಭಜಿ ತರಿಸಿ ತಿನ್ನಿಸಿದರು.

ಎರಡು ವಾರಕ್ಕೆ ಮತ್ತೆ ಬಂದರು. ಮೂರು ಬಿಲ್ಲೆ. "ಮೂತಿ ಭಾಳ ಹಗುರಾತು. ನಾ ಅಂದುಕೊಂಡಲ್ಲಿ ನಿಲ್ಲವಲ್ದು, ಹರದಾಡತೈತಿ."

ಅದೂ ಸರಿಯೇ. ಹಿಂದೆ ಭಾರ ಹೆಚ್ಚಾದರೆ ಮೂತಿ ಲಗುಬಗೆ ಮಾಡುತ್ತದೆ, ಮುಂದೆ ಹೆಚ್ಚಾದರೆ ಓಡಿಸಲು ತ್ರಾಸು, ಆದರೆ ಓಟ ನಡುವೆ ನಿಲ್ಲುವುದಿಲ್ಲ. ಮೂತಿಯನ್ನು ಬಿಲ್ಲೆಯ ಹಿಂದೆ ಓಡಿಸಿ, ಅದನ್ನು ದಾಟಿಸಿ, ದಾಟುವಾಗಲೇ ಬಂದೂಕಿನ ಕುದುರೆ ಎಳೆಯಬೇಕಂತೆ. ಎಡಗೈ ಹಿಡಿಯುವ ಮರದ ಒಳಗೆ ಅರವತ್ತು ಗ್ರಾಂ ಸೀಸದ ಪಟ್ಟಿ ಅಂಟಿಸಿದೆ, ಹಿಂದೆ ಅದಕ್ಕೆ ತಕ್ಕಷ್ಟು ಸೇರಿಸಿದೆ. ಮುಂದಿನ ತಿಂಗಳು ಬಂದು ಈಗ ಒಟ್ಟು ಭಾರ ಹೆಚ್ಚಾಯಿತು, ಹತ್ತನೆಯ ಬಿಲ್ಲೆಗೆ ರಟ್ಟೆ ಸೋಲುತ್ತದೆ ಎಂದರು. ತೆಗೆದೆ. ಇಪ್ಪತ್ತು ಗ್ರಾಂ ಇಟ್ಟೆ. ಹತ್ತು ಗ್ರಾಂ ತೆಗೆದೆ. ಮಗ್ಗದವರು ಬಂದು ನಿಂತರೆ "ನಾಳಿ ಬರ್ರಿ" ಎಂದು ಓಡಿಸುವ ಹಾಗಾಯಿತು. ನನ್ನ ಹೆಂಡತಿ ಮಹಾದೇವಿ, "ಆ ಬಂದೂಕು ನೀವ ಮದುವಿ ಆಗಿಬಿಡ್ರಿ," ಎಂದು ಒಂದು ದಿನ ಬುತ್ತಿ ಕುಕ್ಕಿ ಹೋದಳು.

ಕೆಲಸ ಮುಗಿದರೂ ಕಾಕಾ ಏಳುತ್ತಿರಲಿಲ್ಲ. ಮರದ ಹೊಟ್ಟಿನ ಮೇಲೆ ಚೀಲ ಹಾಕಿಕೊಂಡು ಸಂಜೆಯ ತನಕ ಕೂಡುತ್ತಿದ್ದರು. ಮೊದಮೊದಲು ನನಗೆ ಕಿರಿಕಿರಿಯಾಗಿ, "ಮನಿಗೆ ಹೋಗಂಗಿಲ್ಲೇನ್ರಿ?" ಎಂದು ಕೇಳಿಯೇ ಬಿಟ್ಟೆ.

"ಹೋಗಿ ಏನ ಮಾಡ್ಲೆಪಾ. ರೇಡಿಯೋ ಹಚ್ಚಿ ಕುಂಡರ್ತೇನಿ. ಅದು ಮಾತಾಡತೈತಿ, ನಾ ಹೂಂ ಅಂತೇನಿ. ಅದಕ್ಕೇನ ಗೊತ್ತು ಹೂಂ ಅಂದದ್ದು," ಎಂದರು.

ಆಮೇಲೆ ನಾನು ಹಾಗೆ ಕೇಳಲಿಲ್ಲ. ಮಹಾದೇವಿ ಬುತ್ತಿಯಲ್ಲಿ ಎರಡು ರೊಟ್ಟಿ ಹೆಚ್ಚಿಗೆ ಕಟ್ಟತೊಡಗಿದಳು.

ನವೆಂಬರ್‌ನಲ್ಲಿ ಅವರು ಬಂದಾಗ ಮುಖ ನೋಡಲಾಗಲಿಲ್ಲ. ಹಿಂದಿನ ದಿನ ಒಂದೂ ಒಡೆದಿರಲಿಲ್ಲ.

"ಡಿಸೆಂಬರಕ್ಕ ಲೈಸೆನ್ಸ್ ಮುಗೀತೈತಿ. ಅಷ್ಟರಾಗ ಇದು ದಾರಿಗೆ ಬರದಿದ್ರ ಬಾಗಲಕೋಟಿಗೆ ಹೋಗಿ ಬಂದೂಕು ಒಪ್ಪಿಸಿ ಬರ್ತೇನಿ," ಎಂದರು. ಬಟ್ಟಿನ ಮೇಲೆ ಕೈ ಸವರುತ್ತ, "ಅಕಿ ಹೋದಳು. ಅದು ನನ್ನ ಕೈಯಾಗಿಂದಲ್ಲ. ಆದ್ರ ಅಕಿ ಜೋಡಿ ಮಾಡಿದ್ದು ಅಂತ ಇದೊಂದ ಇತ್ತು ಮುದಕಪ್ಪ. ಹತ್ತೊಂಬತ್ತು ಹೊಡಿತಿದ್ದೆ. ಅದಾದ್ರೂ ಉಳೀಲಿ ಅಂತ," ಎಂದರು.

ನನಗೆ ಅಳು ಬರುವ ಬದಲು ಸಿಟ್ಟು ಬಂತು. ನನ್ನ ಜಾತಕವೇ ಹಾಗೆ. ದಾರದ ಮೇಲೆ ಆ ಬಂದೂಕು ನೀರಿನ ಮಟ್ಟದ ಹಾಗೆ ನಿಲ್ಲುತ್ತಿತ್ತು, ನನ್ನ ಕೆಲಸದಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. "ಬರೋ ರವಿವಾರ ನಾನ ಬರ್ತೇನಿ. ಅದೇನ ಮಾಡತೈತಿ ಕಣ್ಣಾರೆ ನೋಡೇ ಬಿಡ್ತೇನಿ," ಎಂದೆ.

ಹೋದೆ. ಚಳಿಗೆ ಕಲ್ಲು ತಣ್ಣಗಿತ್ತು. ಜಾಫರಸಾಬ ತಗ್ಗಿಗೆ ಇಳಿದು ಕೂತ. ಕಾಕಾ ಬಂದೂಕು ಏರಿಸಿ, ಕೆನ್ನೆಗೆ ಆನಿಸಿ, "ಹೂಂ" ಎಂದರು. ಬಿಲ್ಲೆ ಹೋಯಿತು. ಹೋಯಿತು ಎಂದರೆ ಹೋಯಿತು, ನನ್ನ ಕಣ್ಣಿಗೆ ಸಿಗುವುದರೊಳಗೆ ಆಚೆ ಗೋಡೆಗೆ ಬಡಿದು ಚೂರಾಗಿತ್ತು. ಆಮೇಲೆ ಗುಂಡಿನ ಸದ್ದು. ಹೀಗೇ ಎಂಟು ಬಿಲ್ಲೆ. ನಾನು ಅವರ ಬೆನ್ನ ಹಿಂದೆ ನಿಂತು ನಳಿಗೆಯನ್ನೇ ನೋಡಿದೆ. ವಾಲುತ್ತಿರಲಿಲ್ಲ, ತಡವರಿಸುತ್ತಿರಲಿಲ್ಲ, ಎಣ್ಣೆ ಹಾಕಿದ ಹಾಗೆ ಓಡುತ್ತಿತ್ತು. ಬಂದೂಕಿನದು ಏನೂ ತಪ್ಪಿರಲಿಲ್ಲ. ಬಿಲ್ಲೆಯೇ ಅದಕ್ಕೆ ಸಿಗದಷ್ಟು ಜೋರಾಗಿ ಹೋಗುತ್ತಿತ್ತು.

ಕಾಕಾನಿಗೆ ನಿಲ್ಲಲು ಹೇಳಿ ತಗ್ಗಿಗೆ ಇಳಿದೆ. "ಜಾಫರಸಾಬ, ಇದು ಯಾವಾಗ್ಲೂ ಇಷ್ಟ ಜೋರ ಹೋಗತೈತೇನು?"

"ಇಲ್ರಿ ಮೇಸ್ತ್ರಿ. ಕಾಕಾರ ಬಂದೂಕು ಠಾಣೇದಾಗ ಇತ್ತಲ್ರಿ, ಆವಾಗ ಬಂದು ನೋಡಿದ್ರ ಇದರ ಸ್ಪ್ರಿಂಗ್ ಪೂರಾ ಸಡಲ ಬಿದ್ದಿತ್ತು. ನಟ್ಟು ಕಡೀಕ ಬಂದು ನಿಂತಿತ್ರಿ. ಗುರುಲಿಂಗವ್ವಾರು ತೀರಿಕೊಂಡ ಮ್ಯಾಲ ಯಾರೂ ನೋಡಿಲ್ಲ, ಪಾಪ, ಅಂತ ಎಣ್ಣಿ ಹಾಕಿ, ತುದಿತನಕ ಬಿಗಿ ಮಾಡಿ ಇಟ್ಟೇನ್ರಿ. ಕಾಕಾರಿಗೂ ಹೇಳಿಲ್ಲ. ಯಾಕ್ರಿ, ತಪ್ಪಾತೇನ್ರಿ?"

ನಾನು ಬಗ್ಗಿ ನೋಡಿದೆ. ಸ್ಪ್ರಿಂಗಿನ ಕೊನೆಗೆ ತಿರುಪಿನ ಗೆರೆಗಳಿರುವ ಒಂದು ಸರಳು, ಅದರ ಮೇಲೆ ನಟ್ಟು. ನಟ್ಟು ಒಳಗೆ ಹೋದಷ್ಟೂ ಸ್ಪ್ರಿಂಗ್ ಬಿಗಿ, ಹೊರಗೆ ಬಂದಷ್ಟೂ ಸಡಿಲ. ತುಕ್ಕು ಹಿಡಿದ ಆ ಸರಳಿನ ಮೇಲೆ ಉಂಗುರದಂಥ ಗೀರುಗಳಿದ್ದವು. ನಟ್ಟು ಬಹಳ ಕಾಲ ಒಂದೇ ಕಡೆ ಕೂತರೆ ಅಲ್ಲಿ ಅಂಥ ಗುರುತು ಬೀಳುತ್ತದೆ, ಮಗ್ಗದಲ್ಲಿ ನಾನು ದಿನಾ ನೋಡುವುದೇ. ಎಣಿಸಿದೆ, ಏಳು. ತಾನಾಗಿ ಸಡಿಲಾದ ನಟ್ಟು ಹೀಗೆ ನಿಂತು ನಿಂತು ಬರುವುದಿಲ್ಲ. ಯಾರೋ ಅದನ್ನು ಚೂರು ತಿರುವಿ, ತಿಂಗಳುಗಟ್ಟಲೆ ಅಲ್ಲೇ ಬಿಟ್ಟು, ಮತ್ತೆ ಚೂರು ತಿರುವಿದ್ದರು. ಈ ತಗ್ಗಿನಲ್ಲಿ ಕೂಡುತ್ತಿದ್ದವಳು ಒಬ್ಬಳೇ.

ನನ್ನ ಬಾಯಿ ಸುಮ್ಮನಿರಬೇಕಾಗಿತ್ತು. ಇರಲಿಲ್ಲ. ಮೇಲೆ ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ. ಕಾಕಾನ ಮುಖ ಮೊದಲು ಬಿಳುಪಾಯಿತು, ಆಮೇಲೆ ಕೆಂಪಾಯಿತು.

"ಅಂದ್ರ ಸಾವಕಾಶ ಎಸದು ಕೊಡ್ತಿದ್ಳು ಅನ್ನು! ಮುದುಕಗ ಕಣ್ಣು ಕಾಣವಲ್ದು, ಸಣ್ಣ ಹುಡುಗಗ ಚೆಂಡು ಒಗದಂಗ ಒಗೀತೇನಿ ಅಂತ! ನಾ ಹತ್ತೊಂಬತ್ತು ಹೊಡದೆ, ಹತ್ತೊಂಬತ್ತು ಹೊಡದೆ ಅಂತ ಊರ ತುಂಬ ಸಾರಿಕೊಂತ ಅಡ್ಡಾಡೇನಿ. ಅಕಿ ಒಳಗೊಳಗ ನಕ್ಕಿರಬೇಕು!"

"ನಗಾಕ ಯಾಕ ಮಾಡ್ತಾರ್ರಿ ಕಾಕಾ…"

"ಸುಮ್ನಿರೋ ನೀ!"

ಬಂದೂಕು ಮಡಚಿ, ತೋಟಾ ತೆಗೆದು, ಕಲ್ಲಿನ ಮೇಲೆ ಇಟ್ಟು, ದಡದಡ ತಗ್ಗಿಗೆ ಇಳಿದರು. ಯಂತ್ರ ಕೂರಿಸಿದ ಮೇಲೆ ಅಷ್ಟು ವರ್ಷದಲ್ಲಿ ಅವರು ಅಲ್ಲಿಗೆ ಇಳಿದದ್ದು ಅದೇ ಮೊದಲು ಎಂದು ಜಾಫರಸಾಬ ಆಮೇಲೆ ಹೇಳಿದ. ಅವನನ್ನು ಎಬ್ಬಿಸಿ, ಅವಳು ಕೂಡುತ್ತಿದ್ದ ಜಾಗದಲ್ಲಿ ಕೂತು, ಸಿಟ್ಟಿನಲ್ಲಿ ಯಂತ್ರದ ತೋಳಿಗೆ ಕೈ ಹಾಕಿ ಜಗ್ಗಿದರು. ಅದು ಅರ್ಧಕ್ಕೆ ಬಂದು ಕೈಯಿಂದ ಜಾರಿತು. ಎರಡನೆಯ ಸಲ ಕಲ್ಲಿಗೆ ಕಾಲು ಕೊಟ್ಟು, ಎರಡೂ ಕೈಯಿಂದ, ಹಲ್ಲು ಕಚ್ಚಿ ಜಗ್ಗಿದರು. ಸಿಕ್ಕಿಕೊಂಡಿತು. ಕಾಕಾ ಏದುಸಿರು ಬಿಡುತ್ತ ಹಾಗೇ ಕೂತರು.

"ಪಾನಾ ಕೊಡು ಜಾಫರಸಾಬ," ಎಂದರು ಕೊನೆಗೆ.

ಪಾನಾ ಹಾಕಿ ನಟ್ಟನ್ನು ಮೊದಲ ಗುರುತಿಗೆ ತಂದು ನಿಲ್ಲಿಸಿದರು. ತೋಳು ಜಗ್ಗಿದರು. ಆಗಲೂ ಎರಡು ಕೈ ಬೇಕಾಯಿತು. ಎರಡನೆಯ ಗುರುತಿಗೆ ತಂದು ಜಗ್ಗಿದರು. ಮೂರನೆಯದು. ನಾಲ್ಕನೆಯದಕ್ಕೆ ಒಂದೇ ಕೈ ಸಾಕಾಯಿತು. ಪ್ರತಿ ಗುರುತಿಗೂ ನಿಂತು, ಜಗ್ಗಿ, ಬಿಟ್ಟು, ಮತ್ತೆ ಜಗ್ಗಿ ನೋಡಿದರು. ನಾನು ಬಂದೂಕನ್ನು ತೂಗಿದ್ದಕ್ಕಿಂತ ಹತ್ತು ಪಾಲು ಜತನದಿಂದ ಅವರು ಅದನ್ನು ತೂಗುತ್ತಿದ್ದರು. ಏಳನೆಯ ಗುರುತಿಗೆ ಬಂದಾಗ ತೋರುಬೆರಳು, ನಡುಬೆರಳು ಎರಡರಿಂದಲೇ ತೋಳು ಹಿಂದಕ್ಕೆ ಬಂತು.

"ನನ್ನ ಸಲುವಾಗಿ ಅಲ್ಲ ಮುದಕಪ್ಪ," ಎಂದರು ನನ್ನತ್ತ ನೋಡದೆ. "ಅಕಿ ಕೈಲೆ ಜಗ್ಗಾಕ ಆಗತಿದ್ದಿಲ್ಲ. ಇಷ್ಟ ಬಲ ಉಳಿದಿತ್ತು ಅಕಿಗೆ."

ಏನಾದರೂ ಹೇಳಬೇಕಲ್ಲ ಎಂದು, "ಅವರಾದ್ರೂ ಬಾಯಿಬಿಟ್ಟು ಹೇಳಬೇಕಿತ್ತಲ್ರಿ ಕಾಕಾ," ಎಂದೆ.

"ಹೇಳಾಕ ನಾ ಎಲ್ಲಿ ಬಿಟ್ಟೆ? ಮ್ಯಾಲ ನಿಂತು ಲಗೂ ಹಾಕ, ಲಗೂ ಹಾಕ ಅಂತ ಬೈತಿದ್ದೆ." ಅಂಗೈಯಿಂದ ಮುಖ ಒರೆಸಿಕೊಂಡರು. "ಆ ಬಂದೂಕಿನಾಗಿನ ಸೀಸ ಎಲ್ಲಾ ತಗದಬಿಡು. ಡಿಸೆಂಬರಕ್ಕ ಒಪ್ಪಿಸಿ ಬರ್ತೇನಿ. ಈಗ ನೀವಿಬ್ರೂ ಮ್ಯಾಲ ಹೋಗ್ರಿ."

ನಾನು, ಜಾಫರಸಾಬ ಮೇಲೆ ಬಂದು ಬಂದೂಕು ಕಾಯುತ್ತ ಕೂತೆವು. ಕೆಳಗೆ ತೋಳು ಜಗ್ಗಿದ ಕಿರುಗುಟ್ಟುವ ಸದ್ದು, ಹಗ್ಗ ಎಳೆದ ಸದ್ದು. ಒಂದು ಬಿಲ್ಲೆ ನಿಧಾನವಾಗಿ ಮೇಲೆದ್ದು, ಬಿಸಿಲಿನಲ್ಲಿ ತಿರುಗಿ, ಯಾರೂ ಹೊಡೆಯದೆ ಖಣಿಯ ನೀರಿಗೆ ಬಿತ್ತು. ಮತ್ತೊಂದು ಬಿತ್ತು. ಜಾಫರಸಾಬ, "ಕರೀಲೇನ್ರಿ ಮೇಸ್ತ್ರಿ?" ಎಂದ. ಬೇಡ ಎಂದೆ. ಹದಿನೈದರ ಮೇಲೆ ಸದ್ದು ತಡವಾಗಿ ಬರತೊಡಗಿತು, ನಡುನಡುವೆ ಅವರು ಸುಧಾರಿಸಿಕೊಳ್ಳುತ್ತಿದ್ದರು. ಆದರೂ ನಿಲ್ಲಿಸಲಿಲ್ಲ. ಅವಳು ರವಿವಾರಕ್ಕೆ ಎಷ್ಟು ಸಲ ಜಗ್ಗುತ್ತಿದ್ದಳೋ ಅಷ್ಟು ಸಲವೂ ಜಗ್ಗಿದರು. ನಾನು ಎಣಿಸುತ್ತ ಕೂತಿದ್ದೆ, ಇಪ್ಪತ್ತೈದು.